ಸೋಡಾ ಮನೆಯ ಪಕ್ಕದ ಒಂದು ಸಾಲು ಬಾಳೆ

ಹೋದ ತಿಂಗಳು ಒಂದು ಮದುವೆಗೆಂದು ಹುಮನಾಬಾದಿಗೆ ಹೊರಟಿದ್ದೆ. ಕಮಲಾಪುರದಲ್ಲಿ ಬಸ್ಸು ನಿಂತಾಗ ಬುಟ್ಟಿ ಹೊತ್ತ ಹೆಂಗಸೊಬ್ಬಳು ಹತ್ತಿ ನನ್ನ ಪಕ್ಕ ಕೂತಳು. ಬುಟ್ಟಿಯ ಮೇಲೆ ಗೋಣಿತಟ್ಟು ಮುಚ್ಚಿತ್ತು. ಮುಚ್ಚಿದ್ದರೂ ಒಳಗೇನಿದೆ ಎಂದು ಹೇಳಬೇಕಾಗಿರಲಿಲ್ಲ. ಹಣ್ಣಾದ ಕೆಂಪು ಬಾಳೆಯ ವಾಸನೆ ಬೇರೆ ಬಾಳೆಯದರಂತಲ್ಲ. ಹೊಗೆ ಹಾಕಿ ಹಣ್ಣು ಮಾಡಿದ್ದಾದರೆ ಸಿಪ್ಪೆಗೆ ಕುಳ್ಳಿನ, ಅಂದರೆ ಸಗಣಿ ಬೆರಣಿಯ, ವಾಸನೆಯೂ ಅಂಟಿಕೊಂಡಿರುತ್ತದೆ.

"ಯಾರ ತೋಟದ್ದವ್ವಾ?" ಎಂದೆ.

"ನಮ್ಮದೇ ರೀ. ಒಂದು ಸಾಲಿನ ಬಾಳಿ ಅಂತಾರ ಇದಕ್ಕ. ಮರಿ ತಂದದ್ದು ಸಿದ್ರಾಮಪ್ಪನ ಹೊಲದಿಂದ."

"ಒಂದು ಸಾಲು ಅಂತ ಯಾಕ ಅಂತಾರ?"

"ಯಾರಿಗ್ಗೊತ್ತು ರೀ. ಮೊದಲಿಂದ ಹಂಗೇ ಅಂತಾರ."

ನನಗೆ ಗೊತ್ತಿತ್ತು. ಆದರೆ ಬಸ್ಸಿನಲ್ಲಿ ಹೇಳಿ ಮುಗಿಯುವ ಮಾತು ಅದಲ್ಲ. ಹಣ್ಣು ಕೊಂಡು ಮಡಿಲಲ್ಲಿ ಇಟ್ಟುಕೊಂಡೆ.

ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲವಿಡೀ ನಾನು ಕಮಲಾಪುರದಲ್ಲಿ ಗಾಳಿ ಅಳೆಯುವ ಕೆಲಸ ಮಾಡಿದೆ. ಹೀಗೆಂದರೆ ನಮ್ಮ ಮನೆಯವರು ಇಂದಿಗೂ ನಗುತ್ತಾರೆ. ಕೃಷಿ ಪದವಿ ಮುಗಿಸಿ ಕಲಬುರ್ಗಿ ಪಕ್ಕದ ಕುಸನೂರಿನ ಮನೆಯಲ್ಲಿ ಕೂತಿದ್ದ ನನಗೆ ಒಂದು ಯೋಜನೆಯಲ್ಲಿ ತಾತ್ಕಾಲಿಕ ಸಹಾಯಕಿಯ ನೌಕರಿ ಸಿಕ್ಕಿತ್ತು. ಸಿದ್ರಾಮಪ್ಪ ಎಂಬ ರೈತರ ಹೊಲದಲ್ಲಿ ಯೋಜನೆಯವರು ಪ್ಲಾಸ್ಟಿಕ್ ಹೊದಿಕೆಯ ಎರಡು ಮನೆಗಳನ್ನು ಕಟ್ಟಿಸಿದ್ದರು. ಎರಡೂ ಒಂದೇ ಅಳತೆಯವು. ಎರಡರಲ್ಲೂ ಒಂದೇ ತಳಿಯ ಡಬ್ಬು ಮೆಣಸಿನಕಾಯಿ, ಅಂದರೆ ಕ್ಯಾಪ್ಸಿಕಂ, ಒಂದೇ ದಿನ ಹಚ್ಚಿದ್ದು. ಒಂದು ಮನೆಯೊಳಗೆ ಮಾತ್ರ ಬೆಳಗಿನ ಹೊತ್ತು ಇಂಗಾಲದ ಡೈಆಕ್ಸೈಡನ್ನು ಸಿಲಿಂಡರಿನಿಂದ ಬಿಡಬೇಕು. ಕೊನೆಗೆ ಯಾವ ಮನೆಯ ಬೆಳೆ ಹೆಚ್ಚು ಎಂದು ನೋಡಬೇಕು. ಇಷ್ಟೇ ಯೋಜನೆ.

ಗಿಡ ಉಣ್ಣುವುದು ಬಿಸಿಲು ಬಂದ ಮೇಲೆ. ಚಳಿಗೆಂದು ಬಾಗಿಲು, ಪರದೆ ಮುಚ್ಚಿಟ್ಟ ಮನೆಯಲ್ಲಿ ಇರುವುದು ಸ್ವಲ್ಪವೇ ಗಾಳಿ. ಅದರಲ್ಲಿರುವ ಇಂಗಾಲವನ್ನು ಗಿಡಗಳು ಹೊತ್ತೇರುವ ಮೊದಲೇ ಉಂಡು ಮುಗಿಸಿ, ಆಮೇಲೆ ಖಾಲಿ ತಾಟಿನ ಮುಂದೆ ಕೂತಂತೆ ಇರುತ್ತವೆ. ಆಗ ಹೊರಗಿನಿಂದ ಬಡಿಸಿದರೆ ಇನ್ನಷ್ಟು ಉಣ್ಣುತ್ತವೆ. ಸೂರ್ಯ ಹುಟ್ಟಿದ ಮೇಲೆ ಗ್ಯಾಸ್ ಬಿಡುವುದು, ಒಳಗೆ ಸೆಕೆಯಾಗತೊಡಗಿದಾಗ ಅದನ್ನು ನಿಲ್ಲಿಸಿ ಪರದೆ ಎತ್ತುವುದು, ನಡುನಡುವೆ ಗಾಳಿ ಎಳೆದರೆ ಬಣ್ಣ ಬದಲಿಸುವ ಗಾಜಿನ ಕೊಳವೆಯಿಂದ ಎಷ್ಟಿದೆ ಎಂದು ನೋಡುವುದು, ಇದು ನನ್ನ ಕೆಲಸ.

ಸಿಲಿಂಡರ್ ಬರುತ್ತಿದ್ದದ್ದು ಕಲಬುರ್ಗಿಯ ಸೂಪರ್ ಮಾರ್ಕೆಟ್ ಪೇಟೆಯ ಸೋಡಾ ಅಂಗಡಿಯಿಂದ. ಸೋಡಾದೊಳಗಿನ ಗ್ಯಾಸೂ ಅದೇ ತಾನೆ. ಅಂಗಡಿಯ ಖಾಜಾ ಭಾಯಿಗೆ ಹೈದರಾಬಾದಿನಿಂದ ಮಾಲು ಬರುತ್ತಿತ್ತು. ನಮ್ಮ ಪಾಲನ್ನು ಎತ್ತಿ ಕೊಡುವಾಗಲೆಲ್ಲ ಅವರದು ಒಂದೇ ಮಾತು.

"ಕ್ಯಾ ಮೇಡಂ, ಗಿಡಕ್ಕೂ ಸೋಡಾ ಕುಡಸ್ತೀರಿ? ಹಿಂಗಾದ್ರ ನಮ್ಮ ಗಿರಾಕಿ ಏನ್ ಕುಡೀಬೇಕು ರೀ?"

ಈ ಸುದ್ದಿ ನನಗಿಂತ ಮೊದಲೇ ಕಮಲಾಪುರ ಮುಟ್ಟಿತ್ತು. ಊರಿನವರು ಗ್ಯಾಸ್ ಬಿಡುವ ಮನೆಯನ್ನು ಸೋಡಾ ಮನಿ ಎಂದರು, ಇನ್ನೊಂದನ್ನು ಸಾದಾ ಮನಿ ಎಂದರು. ಕೊನೆಗೆ ಯೋಜನೆಯ ಮೇಲಧಿಕಾರಿಯಾದ ನಮ್ಮ ಸಾಹೇಬರೂ ಹಾಗೇ ಅನ್ನತೊಡಗಿದರು.

ಸೋಡಾ ಮನೆಯ ಗೋಡೆಯಾಚೆಗೇ ಕೆಂಪು ಬಾಳೆಯ ತೋಟ. ಅದನ್ನು ನೋಡಿಕೊಳ್ಳುತ್ತಿದ್ದವರು ಸಿದ್ರಾಮಪ್ಪ ಕಾಕಾನ ಹೆಂಡತಿ ಶರಣಮ್ಮ. ಮದುವೆಯಾಗಿ ಬಂದ ವರ್ಷವೇ ಅತ್ತೆ ಸೊಸೆಯ ಕೈ ಹಿಡಿದು ತೋಟದೊಳಗೆ ಕರೆದೊಯ್ದು, ಇನ್ನು ಇದು ನಿಂದು ಅಂದಿದ್ದರಂತೆ. ಯಾವ ಗಡ್ಡೆಯ ಮರಿ ಉಳಿಸಬೇಕು, ಯಾವುದನ್ನು ಚಿವುಟಬೇಕು, ಯಾವ ಗೊನೆ ಇಳಿಸಬೇಕು ಎಂಬುದರಲ್ಲಿ ಕಾಕಾ ಬಾಯಿ ಹಾಕುತ್ತಿರಲಿಲ್ಲ. ಹೊಲದ ಉಳಿದ ಭಾಗದ ತೊಗರಿ, ಜೋಳದಲ್ಲಿ ಶರಣಮ್ಮ ಬಾಯಿ ಹಾಕುತ್ತಿರಲಿಲ್ಲ. ಆ ಸಂಸಾರ ಹಾಗೆ ನಡೆದುಕೊಂಡು ಬಂದಿತ್ತು.

ಆ ವರ್ಷ ಕಾಕಾ ಮೊದಲ ಸಲ ಬಾಯಿ ಹಾಕಿದರು. ಕೆಂಪು ಬಾಳೆ ಗೊನೆ ಹಾಕಿ ಬಲಿಯುವುದಕ್ಕೆ ವರ್ಷದ ಮೇಲೆ ಇನ್ನೂ ಅರ್ಧ ವರ್ಷ ಬೇಕು.

"ಒಂದು ಗೊನಿ ಸಲುವಾಗಿ ಇಷ್ಟು ದಿನ ಬಾಯಿ ತೆಕ್ಕೊಂಡು ಕುಂದರಬೇಕೇನು?" ಎಂದು ನಮ್ಮೆಲ್ಲರ ಎದುರೇ ಅಂದರು. "ಯುಗಾದಿ ತನಕ ನೋಡ್ತೀನಿ. ಸೋಡಾ ಮನಿ ಬುಟ್ಟಿ ಸಾದಾ ಮನಿಕಿಂತ ಹೆಚ್ಚು ತುಂಬಿದ್ರ ಬಾಳಿ ಕಿತ್ತು ಅಲ್ಲೇ ಇನ್ನೆರಡು ಮನಿ ಹಾಕಸ್ತೀನಿ."

ಕಾಕಾ ಆಚೆ ಹೋದ ಮೇಲೆ ಶರಣಮ್ಮ ಸೋಡಾ ಮನೆಯ ಬಾಗಿಲಲ್ಲಿ ನಿಂತು ಒಳಗೆ ಇಣುಕಿ, "ಬಾಗಲಾ ಹಾಕ್ಕೊಂಡು ಉಣ್ಣೋ ಗಿಡ ನಾ ಎಲ್ಲೂ ಕಂಡಿಲ್ಲ ಬಿಡವ್ವಾ" ಅಂದರು. ಅಂದ ಮೇಲೆ ನನಗೆ ಚಹಾ ತಂದುಕೊಟ್ಟರು. ನನ್ನ ಕೆಲಸ ಗೆದ್ದರೆ ಅವರ ತೋಟ ಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು, ಆದರೂ ಚಹಾ ದಿನಾ ಬರುತ್ತಿತ್ತು.

ನಮ್ಮ ಸಾಹೇಬರು ವಾರಕ್ಕೊಮ್ಮೆ ಜೀಪಿನಲ್ಲಿ ಬರುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ನಾಲ್ಕು ಜನ ಸೇರಿದರೆ ಭಾಷಣ ಮಾಡದೆ ಬಿಡುತ್ತಿರಲಿಲ್ಲ. ಒಂದು ದಿನ ಗ್ಯಾಸಿಗೆ ಹೆದರಿ ದೂರ ನಿಂತಿದ್ದ ಕೂಲಿ ಹೆಂಗಸರನ್ನು ಕರೆದು ಸಮಾಧಾನ ಹೇಳಿದರು.

"ಇದು ವಿಷಾ ಅಲ್ರವಾ. ನಾವು ಹೊರಗ ಬಿಡೋ ಉಸಿರಿನ್ಯಾಗ ಇರೋದು ಇದೇ. ಒಲ್ಯಾಗ ಕಟ್ಟಿಗಿ ಸುಟ್ಟಾಗ ಬರೋದೂ ಇದೇ. ಗಿಡಕ್ಕ ಇದು ಊಟ ಇದ್ದಂಗ."

ಹೆಂಗಸರು ತಲೆಯಾಡಿಸಿದರು. ಅವರ ಹಿಂದೆ ನಿಂತಿದ್ದ ಶರಣಮ್ಮನೂ ಕೇಳಿಸಿಕೊಂಡರು.

ಚಳಿ ಜೋರಾಯಿತು. ಬೆಳಗಿನ ಬಸ್ಸು ಕಲಬುರ್ಗಿಯ ಧಾನ್ಯದ ಪೇಟೆ ಗಂಜಿನ ಮುಂದೆ ಹಾಯುವಾಗ ತೊಗರಿ ಚೀಲ ಹೊತ್ತ ಲಾರಿಗಳ ಮೇಲೆ ಹಮಾಲರು ಕಂಬಳಿ ಹೊದ್ದು ಕೂತಿರುತ್ತಿದ್ದರು. ಕಮಲಾಪುರದಲ್ಲಿ ಇಳಿದು ಹೊಲದ ದಾರಿ ಹಿಡಿದರೆ ಜೋಳದ ಎಲೆಯ ಮೇಲಿನ ಮಂಜಿನಿಂದ ಸೀರೆಯ ಅಂಚೆಲ್ಲ ತೊಯ್ಯುತ್ತಿತ್ತು. ಸೋಡಾ ಮನೆಯ ಬಾಗಿಲು ತೆರೆದು ಒಳಗೆ ಕಾಲಿಟ್ಟರೆ ಬೆಚ್ಚಗೆ. ಆ ಬೆಚ್ಚನೆಯ ಆಸೆಗೇ ನಾನು ಬೇಗ ಹೋಗುತ್ತಿದ್ದೆ ಎಂದರೂ ತಪ್ಪಲ್ಲ.

ಎರಡೂ ಮನೆಗಳ ನಡುವಿನ ಅಂತರ ಕಣ್ಣಿಗೇ ಕಾಣುವಂತಿತ್ತು. ಸೋಡಾ ಮನೆಯ ಎಲೆ ದಪ್ಪ, ಬಣ್ಣ ಗಾಢ, ಗೆಣ್ಣಿಗೆ ಗೆಣ್ಣಿಗೆ ಹೂವು. ನೀರು ಸ್ವಲ್ಪ ಕಡಿಮೆಯೇ ಸಾಕಾಗುತ್ತಿತ್ತು. ಗೊಬ್ಬರ ಮಾತ್ರ ಹೆಚ್ಚು ಬೇಕು, ಕೊಡದಿದ್ದರೆ ಕೆಳಗಿನ ಎಲೆ ಹಳದಿಯಾಗುತ್ತಿತ್ತು. ಮೇಲಿನಿಂದ ಜಾಸ್ತಿ ಉಂಡ ಗಿಡ ಕೆಳಗಿನಿಂದಲೂ ಜಾಸ್ತಿ ಕೇಳುತ್ತದೆ. ಹೂವು ಕಟ್ಟಿ ಬಟಾಣಿ ಗಾತ್ರದ ಕಾಯಿ ಬಿಡುವ ಹೊತ್ತಿಗೆ ಕಾಕಾ ದಿನಕ್ಕೆ ಎರಡು ಸಲ ಬಂದು ನೋಡಿ ಹೋಗತೊಡಗಿದರು. ಬಾಳೆ ತೋಟದ ಕಡೆ ನೋಡುವುದನ್ನು ಬಿಟ್ಟಿದ್ದರು.

ಎಳ್ಳಮಾಸೆ, ಎಲ್ಲರೂ ಹೊಲಕ್ಕೆ ಹೋಗಿ ಉಣ್ಣುವ ಎಳ್ಳು ಅಮಾವಾಸ್ಯೆಯ ಹಬ್ಬ, ಹತ್ತಿರ ಬಂತು. ಅದೇ ವಾರ ಖಾಜಾ ಭಾಯಿ ಇಲ್ಲವೆಂದು ಕೈಯಲ್ಲಾಡಿಸಿದರು. ಹೈದರಾಬಾದಿನ ಗಾಡಿ ಬಂದಿಲ್ಲ, ಅವರ ಅಂಗಡಿಗೇ ಸೋಡಾ ಇಲ್ಲ. ನಮ್ಮ ಸಿಲಿಂಡರ್ ತೀರಿತ್ತು. ಹಬ್ಬ ಮುಗಿಸಿ ನೋಡೋಣ ಎಂದು ಸಾಹೇಬರು ರಜೆ ಕೊಟ್ಟರು. ಗ್ಯಾಸ್ ಇಲ್ಲ, ಚಳಿ ಬಹಳ ಇದೆ, ಪರದೆ ಎತ್ತಬೇಡಿ ಎಂದು ಶರಣಮ್ಮನಿಗೆ ಹೇಳಿ ನಾನು ಕುಸನೂರಿಗೆ ಹೋದೆ. ಭಜ್ಜಿ, ಸಜ್ಜೆ ರೊಟ್ಟಿ, ಕಡುಬು ಎಲ್ಲ ತಿಂದು, ನಮ್ಮ ದೊಡ್ಡಪ್ಪನ ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ ಬಂದು, ಹಬ್ಬದ ಆಯಾಸ ಕಳೆದ ಮೇಲೆ ಕಮಲಾಪುರದ ಬಸ್ಸು ಹಿಡಿದೆ.

ಹೊಲಕ್ಕೆ ಹೋದಾಗ ಕಾಕಾ ಸೋಡಾ ಮನೆಯ ಹೊರಗೆ ಕುಕ್ಕರಗಾಲಲ್ಲಿ ಕೂತಿದ್ದರು. ನನ್ನನ್ನು ನೋಡಿ ಏಳಲಿಲ್ಲ.

"ಒಳಗ ಹೋಗಿ ನೋಡ್ರಿ ಮೇಡಮ್ಮೋರ" ಅಂದರು.

ಮೆಣಸಿನ ಸಾಲಿನ ಬುಡಕ್ಕೆಲ್ಲ ಬಿಳಿ ಹೂವು ಉದುರಿ ಬಿದ್ದಿತ್ತು. ಮೊಗ್ಗು, ಎಳೆಗಾಯಿ ಸಮೇತ. ಗಿಡ ನಿಂತೇ ಇತ್ತು, ಬಾಡಿರಲಿಲ್ಲ, ಹುಳು ಹತ್ತಿರಲಿಲ್ಲ. ಪಕ್ಕದ ಸಾದಾ ಮನೆಯಲ್ಲಿ ಒಂದು ಮೊಗ್ಗೂ ಬಿದ್ದಿರಲಿಲ್ಲ.

"ನಿಮ್ಮ ಗ್ಯಾಸ್ ಮಾಡಿದ್ದು ಇದು. ಸಾಕು ಮಾಡ್ರಿ" ಎಂದರು ಕಾಕಾ. "ಬಾಳಿ ಕೀಳೂದಿಲ್ಲ ನಾ. ಸೋಡಾ ಮನಿ ಬಂದ್. ಸಾಹೇಬ್ರಿಗೆ ಹೇಳಿಬಿಡ್ರಿ."

ಸಾಹೇಬರಿಗೆ ಅಂಚೆ ಕಚೇರಿಯಿಂದ ಫೋನು ಮಾಡಿದೆ. ಗ್ಯಾಸ್ ಹೆಚ್ಚಾಗಿದ್ದಿರಬೇಕು ಎಂದರು. ಸಿಲಿಂಡರ್ ಖಾಲಿ ಇತ್ತಲ್ಲ ಸರ್ ಎಂದೆ. ಹಾಗಾದರೆ ಒಮ್ಮೆಲೇ ನಿಂತದ್ದರಿಂದ ಆಗಿದ್ದಿರಬೇಕು ಎಂದರು. ಒಟ್ಟಿನಲ್ಲಿ ಗ್ಯಾಸಿನದೇ ತಪ್ಪು ಎನ್ನುವುದರಲ್ಲಿ ರೈತರಿಗೂ ಸಾಹೇಬರಿಗೂ ಭಿನ್ನಾಭಿಪ್ರಾಯ ಇರಲಿಲ್ಲ.

ಮಧ್ಯಾಹ್ನ ಶರಣಮ್ಮ ಸೆರಗಿನಲ್ಲಿ ಬಾಳೆಹಣ್ಣು ಕಟ್ಟಿಕೊಂಡು ಸೋಡಾ ಮನೆಯೊಳಗೆ ಬಂದರು. ಮುಖದಲ್ಲಿ ಬೆಳಗಿನಿಂದ ಇದ್ದ ಗೆಲವನ್ನು ಮುಚ್ಚಿಡಲು ಹೋಗಿರಲಿಲ್ಲ. ಅವರ ತೋಟ ಉಳಿದಿತ್ತು, ಯಾಕೆ ಮುಚ್ಚಿಡಬೇಕು?

"ಎಳ್ಳಮಾಸಿಗೆ ನೀ ಬರಲಿಲ್ಲ. ನಿನ್ನ ಪಾಲು ತೆಗೆದಿಟ್ಟೀನಿ, ತಿನ್ನು."

ಶರಣಮ್ಮನ ಮನೆಯಲ್ಲಿ ಚಳಿಗಾಲದ ಮೊದಲ ಗೊನೆಗಳನ್ನು ಮಾರುತ್ತಿರಲಿಲ್ಲ. ಹಣ್ಣು ಮಾಡಿ ಎಳ್ಳಮಾಸೆಯ ದಿನ ಹೊಲಕ್ಕೆ ಬಂದವರಿಗೆಲ್ಲ ಹಂಚುವುದು ಅತ್ತೆಯ ಕಾಲದ ಪದ್ಧತಿ. ಸುಲಿದು ಬಾಯಿಗಿಟ್ಟೆ. ಸಿಪ್ಪೆಯ ಮೇಲೆ ಕುಳ್ಳಿನ ಹೊಗೆಯ ವಾಸನೆ. ಅದೇ ವಾಸನೆ ಬೆಳಿಗ್ಗೆ ಬೇರೆಲ್ಲೋ ಮೂಗಿಗೆ ಬಡಿದಿತ್ತು ಎಂದು ನೆನಪಾಯಿತು. ಎಲ್ಲಿ ಎಂಬುದೂ ನೆನಪಾಯಿತು.

"ಇಷ್ಟು ಚಳ್ಯಾಗ ಇಷ್ಟು ಚೊಲೊ ಹಣ್ಣು ಹ್ಯಾಂಗ ಆತು ಯವ್ವಾ? ಎಲ್ಲಿ ಹಾಕಿದ್ರಿ?"

"ನಿಮ್ಮ ಸೋಡಾ ಮನ್ಯಾಗೇ ಹಾಕಿದ್ದೆ" ಎಂದರು ಶರಣಮ್ಮ, ಏನೂ ವಿಶೇಷವಿಲ್ಲದವರಂತೆ. "ನಮ್ಮ ಕ್ವಾಣ್ಯಾಗ ಚಳಿಗೆ ಕಾಯಿ ಕಾಯಿನೇ ಇದ್ದವು. ಇಲ್ಲಿ ಬೆಚ್ಚಗದ, ಸಂದು ಇಲ್ಲ. ಮೂಲ್ಯಾಗ ಹುಲ್ಲು ಹಾಸಿ ಗೊನಿ ಇಟ್ಟು, ಎರಡು ಮೂರು ಗಡಿಗ್ಯಾಗ ಕುಳ್ಳಿನ ಹೊಗಿ ಮಾಡಿ ಬಾಗಲಾ ಹಾಕಿದ್ದೆ. ಹಬ್ಬ ಮುಗಿಯೂ ತನಕ ದಿನಾ ಹಾಕಿದ್ದೆ, ಅವ್ರು ತೊಗರಿ ರಾಶ್ಯಾಗ ಇದ್ರು, ಈ ಕಡಿ ಬರಲೇ ಇಲ್ಲ. ನಿನ್ನ ಗಿಡಗೋಳೂ ಉಪಾಸ ಇದ್ದವಲ್ಲವಾ. ಸೋಡಾ ಇಲ್ಲ ಅಂತ ನೀನೇ ಹೇಳಿ ಹೋಗಿದ್ದಿ. ಒಲ್ಯಾಗಿನ ಗಾಳೀನೇ ಅವಕ್ಕ ಊಟ ಅಂತ ಸಾಹೇಬ್ರು ಅಂದಿದ್ರು. ಹಬ್ಬದ ದಿನ ಅವೂ ಉಣ್ಣಲಿ ಅಂತ ಹಾಕಿದೆ."

ನಾನು ತಿನ್ನುವುದನ್ನು ನಿಲ್ಲಿಸಿದೆ. ಸಾಹೇಬರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅರ್ಧ ಮಾತ್ರ ಇತ್ತು. ಅರೆಬರೆ ಉರಿಯುವ ಕುಳ್ಳಿನ ಹೊಗೆಯಲ್ಲಿ ಎಥಿಲೀನ್ ಎಂಬ ಇನ್ನೊಂದು ಗಾಳಿಯೂ ಇರುತ್ತದೆ. ಹೊಗೆ ಹಾಕಿದಾಗ ಬಾಳೆ ಹಣ್ಣಾಗುವುದು ಅದರಿಂದಲೇ. ಹಣ್ಣಾಗುತ್ತ ಬಾಳೆಯೂ ಅದನ್ನೇ ಹೊರಗೆ ಬಿಡುತ್ತದೆ. ಆದರೆ ಅದೇ ಗಾಳಿ ತಾಗಿದರೆ ಮೆಣಸಿನ ಹೂವು ಉದುರುತ್ತದೆ. ಸಂದಿಲ್ಲದ ಮನೆಯಲ್ಲಿ ಮುಚ್ಚಿಟ್ಟು ದಿನಾ ಹಾಕಿದ ಮೇಲೆ ಉದುರದೆ ಏನು ಮಾಡೀತು?

ಇದನ್ನೆಲ್ಲ ಶರಣಮ್ಮನಿಗೆ ತಿಳಿಯುವ ಹಾಗೆ ಹೇಳಿದೆ. ಅವರು ಕೇಳುತ್ತ ಕೇಳುತ್ತ ನೆಲಕ್ಕೆ ಕೂತರು. ಬುಡದಲ್ಲಿ ಬಿದ್ದಿದ್ದ ಎಳೆಗಾಯಿಯೊಂದನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡರು.

"ಹಂಗಾದ್ರ ಇದು ಸೋಡಾ ಗ್ಯಾಸ್ ಮಾಡಿದ್ದಲ್ಲ?"

"ಅಲ್ರೀ ಯವ್ವಾ."

"ಗಿಡಗೋಳು ಮತ್ತ ಹೂ ಬಿಡ್ತಾವೇನು?"

"ಬಿಡ್ತಾವ. ಗಿಡ ಗಟ್ಟಿ ಅದಾವ."

ಅವರು ಗೋಡೆಯಾಚೆಯ ತೋಟವನ್ನು ಒಮ್ಮೆ ನೋಡಿದರು. ಅವರ ಮನಸ್ಸಿನಲ್ಲಿ ಏನು ನಡೆದಿತ್ತು ಎಂದು ಊಹಿಸಲು ಜಾಣತನ ಬೇಕಿರಲಿಲ್ಲ. ಬೆಳಿಗ್ಗೆಯಷ್ಟೆ ಗಂಡ ತಾನಾಗಿಯೇ ಬಾಳೆ ಕೀಳುವುದಿಲ್ಲ ಎಂದಿದ್ದರು. ನನ್ನ ವರದಿ ಕಲಬುರ್ಗಿಗೆ ಹೋಗುತ್ತದೆಯೇ ಹೊರತು ಕಾಕಾನ ಕಿವಿಗೆ ಬರಬೇಕೆಂದಿಲ್ಲ. ಹೊಗೆಯ ವಿಷಯ ಗೊತ್ತಿದ್ದವರು ನಾವಿಬ್ಬರೇ. ಸುಮ್ಮನಿರು ಎಂದು ಅವರು ನನ್ನನ್ನು ಕೇಳುತ್ತಾರೆ ಎಂದು ನಾನು ಕಾದೆ. ಕೇಳಿದರೆ ಏನು ಉತ್ತರ ಕೊಡಬೇಕೆಂದೂ ಯೋಚಿಸತೊಡಗಿದ್ದೆ.

"ಅವ್ರಿಗೆ ನೀ ಹೇಳಬ್ಯಾಡ" ಎಂದರು.

ನಾನು ಹಣ್ಣಿನ ಸಿಪ್ಪೆಯನ್ನು ಮಡಿಚಿ ಕೆಳಗಿಟ್ಟೆ.

"ನಾನೇ ಹೇಳ್ತೀನಿ. ನೀ ಹೇಳಿದ್ರ ನಾ ಬೇಕಂತ ಮಾಡೀನಿ ಅನ್ಕೋತಾರ. ನಾ ಬೇಕಂತ ಮಾಡಿಲ್ಲವಾ." ಅವರು ಎದ್ದು ಸೀರೆ ಕೊಡವಿಕೊಂಡರು. "ಮಾಡದ ತಪ್ಪನ್ನ ಮಂದಿ ಮ್ಯಾಲ ಹಾಕಬಾರದು ಅಂತಾರ. ಗಿಡದ ಮ್ಯಾಲ, ಗಾಳಿ ಮ್ಯಾಲ ಹಾಕಬಹುದೇನು?"

ಆ ಸಂಜೆ ಬಸ್ಸಿನಲ್ಲಿ ಮನೆಗೆ ಮರಳುವಾಗ ನನಗೆ ಅವರ ಮೇಲೆ ಸಿಟ್ಟು ಬಂತು. ತೋಟ ಉಳಿಸಿಕೊಳ್ಳುವ ಅವಕಾಶ ಬಾಗಿಲಿಗೆ ಬಂದಾಗ ಇಷ್ಟು ನೆಟ್ಟಗಿರುವುದು ಯಾಕೆ ಎಂಬ ಸಿಟ್ಟು. ಹೇಳುತ್ತಾರೋ ಇಲ್ಲವೋ ಎಂಬ ಅನುಮಾನವೂ ಇತ್ತು. ಹೇಳದಿದ್ದರೆ ಒಳ್ಳೆಯದು ಎಂದು ಯೋಜನೆಯ ಸಂಬಳ ತಿನ್ನುವ ನಾನೇ ಒಳಗೊಳಗೆ ಅಂದುಕೊಂಡೆ.

ಮರುದಿನ ಹೋದಾಗ ಕಾಕಾ ಖಾಲಿ ಸಿಲಿಂಡರನ್ನು ಸೈಕಲ್ಲಿಗೆ ಕಟ್ಟುತ್ತಿದ್ದರು.

"ಖಾಜಾ ಭಾಯಿ ಕಡೆ ಮಾಲು ಬಂದದೇನ್ರಿ ಮೇಡಮ್ಮೋರ? ಬಸ್ ಸ್ಟ್ಯಾಂಡ್ ತನಕ ನಾ ಮುಟ್ಟಸ್ತೀನಿ." ಹಗ್ಗ ಬಿಗಿಯುತ್ತ ತಲೆ ತಗ್ಗಿಸಿಯೇ ಮುಂದುವರಿಸಿದರು. "ಹೊಗಿ ಹಾಕಿದ್ದು ತಾನಂತ. ಊಟಕ್ಕ ಕುಂತಾಗ ಹೇಳಿದಳು. ಹೇಳದಿದ್ರ ನನಗೇನು ಗೊತ್ತಾಗ್ತಿತ್ತು, ಹೇಳ್ರಿ."

ಮುಂದಿನ ವಾರ ಬಂದ ಸಾಹೇಬರು ವಿಷಯ ಕೇಳಿ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಅವತ್ತು ಕೂಲಿ ಹೆಂಗಸರನ್ನು ಕರೆದು ಅರ್ಧ ಬಿಟ್ಟುಹೋದ ಪಾಠವನ್ನು ಪೂರ್ತಿ ಮಾಡಿದರು. ಶರಣಮ್ಮ ಈ ಸಲ ಮುಂದಿನ ಸಾಲಿನಲ್ಲಿ ನಿಂತಿದ್ದರು.

ಗಿಡಗಳು ಮತ್ತೆ ಹೂ ಬಿಟ್ಟವು. ಚಳಿ ಇನ್ನೂ ಇತ್ತು, ಗ್ಯಾಸೂ ಬಂತು. ಶಿವರಾತ್ರಿಯ ಹೊತ್ತಿಗೆ ಕೊಯ್ಲಾಯಿತು. ತಡವಾಗಿ ಶುರುವಾದರೂ ಸೋಡಾ ಮನೆಯ ಕಾಯಿ ದಪ್ಪ, ಹೊಳಪು ಹೆಚ್ಚು, ಬುಟ್ಟಿಯೂ ಹೆಚ್ಚು ತುಂಬಿತು. ಬುಟ್ಟಿಗಳನ್ನು ಪಕ್ಕಪಕ್ಕ ಇಟ್ಟಾಗ ಯಾವುದು ಯಾವ ಮನೆಯದು ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಶಿವರಾತ್ರಿ ಕಳೆದದ್ದೇ ತಡ, ನಮ್ಮ ಕಡೆಯ ಬಿಸಿಲು ತನ್ನ ಕೆಲಸ ಶುರು ಮಾಡಿತು. ಬೆಳಿಗ್ಗೆ ಬೇಗನೇ ಪರದೆ ಎತ್ತದಿದ್ದರೆ ಗಿಡ ಬೇಯುತ್ತಿತ್ತು. ಎತ್ತಿದರೆ ಗ್ಯಾಸೆಲ್ಲ ಹೊರಗೆ. ನನ್ನ ಗಾಜಿನ ಕೊಳವೆ ಎರಡೂ ಮನೆಗಳಲ್ಲಿ ಒಂದೇ ಬಣ್ಣ ತೋರಿಸತೊಡಗಿತು. ಆಮೇಲೆ ಕಟ್ಟಿದ ಕಾಯಿಗಳಲ್ಲಿ ದೊಡ್ಡ ಅಂತರ ಉಳಿಯಲಿಲ್ಲ. ಇದನ್ನೂ ಕಾಕಾಗೆ ಬಿಡಿಸಿ ಹೇಳಿದೆ. ಬಾಗಿಲು ಮುಚ್ಚಿ ಇರಬಹುದಾದ ತಿಂಗಳುಗಳಲ್ಲಿ ಮಾತ್ರ ಇದರ ಆಟ, ನಮ್ಮೂರಲ್ಲಿ ಅಂಥ ತಿಂಗಳು ಕಡಿಮೆ, ಅದರ ಮೇಲೆ ತೋಟ ಕೀಳಬೇಡಿ ಎಂದೆ.

"ನಾಲ್ಕು ತಿಂಗಳು ಉಂಡರೂ ಉಂಡಂಗೇ ರೀ" ಎಂದರು ಕಾಕಾ. ಕೇಳಬೇಕೆಂದದ್ದನ್ನು ಅವರು ಕೇಳಿಸಿಕೊಂಡಾಗಿತ್ತು.

ಯುಗಾದಿ ಕಳೆದ ಮೇಲೆ ಬಾಳೆ ಕೀಳಿಸಿದರು. ಮುಂದೆ ಅಲ್ಲಿ ಎರಡು ಹೊಸ ಮನೆಗಳೂ ಬಂದವು. ಯೋಜನೆ ಮುಗಿದು ಸಿಲಿಂಡರ್ ಬರುವುದು ನಿಂತಿತು, ಬಿಸಿಲಿಗೆ ಪ್ಲಾಸ್ಟಿಕ್ ಹರಿಯಿತು, ನಾನು ಬೇರೆ ನೌಕರಿ ಹಿಡಿದೆ. ಅದೆಲ್ಲ ಆಮೇಲಿನ ಮಾತು.

ಕೀಳಿಸುವ ದಿನ ನನ್ನ ಕೊನೆಯ ಅಳತೆಗೆಂದು ನಾನು ಅಲ್ಲೇ ಇದ್ದೆ. ಕೂಲಿಯವರು ಹಾರೆ ಹಾಕಿ ಗಡ್ಡೆ ಎಬ್ಬಿಸುತ್ತ ಸಾಲಿನಿಂದ ಸಾಲಿಗೆ ಬರುತ್ತಿದ್ದರು. ಶರಣಮ್ಮ ಸೋಡಾ ಮನೆಯ ನೆರಳಲ್ಲಿ ನನ್ನ ಪಕ್ಕ ಕೂತು ನೋಡುತ್ತಿದ್ದರು. ಅಳಲಿಲ್ಲ. ಪರದೆ ಎತ್ತಿದ್ದ ಗೋಡೆಗೆ ಒರಗಿ ಒಂದು ಮಾತು ಕೇಳಿದರು.

"ಪರದಿ ಎತ್ತಿದಾಗ ಆ ಗ್ಯಾಸ್ ಹೊರಗ ಹೋಗ್ತದ ಅಂದಿ. ಹಂಗಾದ್ರ ಈ ಕಡೀ ಸಾಲಿನ ಬಾಳಿಗೂ ಮುಟ್ಟಿರಬೇಕಲ್ಲ?"

"ಹೊರಗ ಬಂದ್ರ ಗಾಳ್ಯಾಗ ಚೆಲ್ಲಾಪಿಲ್ಲಿ ಆಗಿಬಿಡ್ತದ ಯವ್ವಾ. ಮುಟ್ಟಿರಲಿಕ್ಕಿಲ್ಲ" ಎಂದೆ. ವಿಜ್ಞಾನದ ಪ್ರಕಾರ ಅದೇ ಸರಿ. ಆ ಹೊತ್ತಿನಲ್ಲಿ ಅದನ್ನು ಹೇಳಬೇಕಾಗಿತ್ತೇ ಎಂದು ಈಗ ಅನ್ನಿಸುತ್ತದೆ.

ಹಾರೆಯವರು ಕೊನೆಯ ಸಾಲಿಗೆ ಬಂದರು. ಇದೊಂದೇ ಉಳಿದಿತ್ತು, ಸೋಡಾ ಮನೆಯ ಪಕ್ಕದ್ದು. ಮೊದಲ ಗಡ್ಡೆಗೆ ಹಾರೆ ಎತ್ತಿದಾಗ ದೂರದಲ್ಲಿ ನಿಂತಿದ್ದ ಕಾಕಾ ಕೈ ಎತ್ತಿದರು.

"ಅದು ಇರ್ಲಿ ಬಿಡ್ರಿ" ಎಂದು ಕೂಗಿದರು. ಹತ್ತಿರ ಬಂದು, ಹೆಂಡತಿಯ ಕಡೆ ನೋಡದೆ, ನನಗೆ ಹೇಳುವವರಂತೆ ಹೇಳಿದರು. "ಖರೆ ಹೇಳಿದಾಕಿ. ಅಕಿಗೆ ಅಂತ ಒಂದು ಸಾಲರೆ ಇರ್ಲಿ."

ಅಷ್ಟು ಹೇಳಿ ರುಮಾಲು ಸರಿಮಾಡಿಕೊಳ್ಳುತ್ತ ಹೋದರು. ದೊಡ್ಡ ಮನಸ್ಸು ಮಾಡಿದೆ ಎಂಬ ತೃಪ್ತಿ ಅವರ ನಡಿಗೆಯಲ್ಲಿತ್ತು. ಕಾಕಾ ಬಾವಿ ದಾಟಿದ ಮೇಲೆ ಶರಣಮ್ಮ ನನ್ನ ಕಡೆ ತಿರುಗಿದರು.

"ನೋಡವ್ವಾ. ಖರೆ ಹೇಳಿದ್ದಕ್ಕ ಒಂದು ಸಾಲು ಸಿಕ್ತು. ಸುಮ್ನಿದ್ದಿದ್ರ ತೋಟಾನೇ ಉಳೀತಿತ್ತು."

ಹಾಗೆಂದು ನಕ್ಕು, ಎದ್ದು ಹೋಗಿ, ಆ ಸಾಲಿಗೆ ನೀರು ತಿರುಗಿಸಿದರು.